ಮೇಸ್ತ್ರಿ ‘ಹೋಗುತ್ತೆ’ ಅಂದ

ಪ್ರೂಫಣ್ಣನಿಗೆ ಸ್ವಂತ ತೀರ್ಮಾನ ಅನ್ನುವುದು ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಎರಡು ಕೋಣೆಯ ಮನೆ ಇತ್ತು, ಅಚ್ಚುಕೂಟದಲ್ಲಿ ಕಿಟಕಿ ಪಕ್ಕದ ಮೇಜಿತ್ತು, ಡಜನ್ನುಗಟ್ಟಲೆ ಕೆಂಪು ಪೆನ್ನುಗಳಿದ್ದವು, ಟೇಬಲ್ ಟೆನಿಸ್ ಆಡುವ ಹೆಂಡತಿ ಇದ್ದಳು, ಹತ್ತೊಂಬತ್ತು ವರ್ಷದ ಹಳೆಯ ಕಾರೂ ಒಂದಿತ್ತು. ಆದರೆ ಊಟಕ್ಕೆ ಕೂತಾಗ ಇನ್ನೊಂದು ಸೌಟು ಬೇಕೋ ಬೇಡವೋ ಅಂತ ಕೇಳಿದರೆ ಅವನು ಪಕ್ಕದವರ ತಟ್ಟೆ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಕರಡಚ್ಚು ತಿದ್ದಿ ತಿದ್ದಿ ಬಂದ ಗುಣ ಅದು. ಒತ್ತು ಬಿಟ್ಟಿದ್ದರೆ ಹಾಕುವುದು, ದೀರ್ಘ ಹೆಚ್ಚಾಗಿದ್ದರೆ ಕೀಳುವುದು, ಅನುಮಾನ ಬಂದರೆ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರಿಗೇ ವಾಪಸ್ ಕಳಿಸುವುದು. “ಅಕ್ಷರ ನಂದು, ಅರ್ಥ ಅವರದು” ಅನ್ನುವುದು ಅವನ ವೃತ್ತಿಧರ್ಮ. ಒಮ್ಮೆ ಒಂದು ಮದುವೆಯ ಕರೆಯೋಲೆಯಲ್ಲಿ ವಧುವಿನ ಹೆಸರಿರಬೇಕಾದ ಜಾಗದಲ್ಲಿ ವರನ ತಾಯಿಯ ಹೆಸರು ಬಿದ್ದಿತ್ತು. ಪ್ರೂಫಣ್ಣ ಆ ಹೆಸರಿನ ಒಂದು ಕೊಂಬು ಸರಿಮಾಡಿ ಅಚ್ಚಿಗೆ ಕಳಿಸಿದ್ದ.

ಇಂಥವನ ಕಾರಿನಲ್ಲಿ ಶುಕ್ರವಾರ ಸಂಜೆ ‘ಟಕ್’ ಅಂತ ಒಂದು ಸದ್ದು ಹುಟ್ಟಿತು.

ಎಡಕ್ಕೆ ತಿರುಗಿಸಿದರೆ ಟಕ್. ಬಲಕ್ಕೆ ತಿರುಗಿಸಿದರೆ ಟಕಟಕ. ನೇರ ಹೋದರೆ ಸುಮ್ಮನಿದ್ದು, ಇನ್ನೇನು ಮರೆತೆ ಅನ್ನುವಷ್ಟರಲ್ಲಿ ಮತ್ತೆ ಟಕ್. ಕಾರಿಗೆ ಮೊದಲೇ ಕಾಯಿಲೆಗಳಿಗೆ ಬರವಿರಲಿಲ್ಲ. ಎಡಬಾಗಿಲು ಒದ್ದರೆ ತೆರೆಯುತ್ತಿತ್ತು, ಬಲಬಾಗಿಲು ಬೇಡಿಕೊಂಡರೆ. ಮೀಟರು ಮೂರು ಲಕ್ಷದ ನಲವತ್ತೊಂದು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ಅಷ್ಟು ದೂರ ನೆಟ್ಟಗೆ ಮೇಲಕ್ಕೆ ಓಡಿಸಿದ್ದರೆ ಈ ಹೊತ್ತಿಗೆ ಚಂದ್ರನ ಹೊಸ್ತಿಲು ಕಾಣುತ್ತಿತ್ತು. ಆದರೂ ಕಾರು ಒಂದು ದಿನವೂ ನಡುದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಈ ಸದ್ದು ಮಾತ್ರ ಹೊಸದು. ಅದೂ ಬರಬಾರದ ದಿನದ ಹಿಂದಿನ ದಿನ ಬಂದಿತ್ತು.

ಯಾಕೆಂದರೆ ಶನಿವಾರ ಸಂಜೆ ನಾಲ್ಕಕ್ಕೆ ಹೆಂಡತಿಯ ಫೈನಲ್ ಇತ್ತು.

ಆಕೆ ನೀರು ಸರಬರಾಜು ಕಚೇರಿಯಲ್ಲಿ ಬಿಲ್ಲಿಗೆ ಮುದ್ರೆ ಒತ್ತುವವಳು. ದಿನಕ್ಕೆ ಆರುನೂರು ಮುದ್ರೆ ಒತ್ತಿ ಒತ್ತಿ ಬಲಗೈ ಮಣಿಕಟ್ಟು ಉಕ್ಕಾಗಿತ್ತು. ಊಟದ ವಿರಾಮದಲ್ಲಿ ಕಚೇರಿಯ ಹಿಂದಿನ ಕೋಣೆಯಲ್ಲಿ ಟೇಬಲ್ ಟೆನಿಸ್ ಕಲಿತು, ನಲವತ್ತಾರನೇ ವಯಸ್ಸಿನಲ್ಲಿ ಎಲ್ಲ ಇಲಾಖೆಗಳ ಹೆಂಗಸರ ಪಂದ್ಯದಲ್ಲಿ ಫೈನಲ್ ತಲುಪಿದ್ದಳು. ಎದುರಿಗಿದ್ದದ್ದು ಆರು ವರ್ಷದಿಂದ ಕಪ್ಪು ಬಿಟ್ಟುಕೊಡದ ತೆರಿಗೆ ಕಚೇರಿಯವಳು. ಪಂದ್ಯ ನಡೆಯುವ ಊರು ನೂರಾನಲವತ್ತು ಕಿಲೋಮೀಟರು ದೂರ.

“ರೀ, ಇಲ್ಲಿ ಕೇಳಿ,” ಅಂದಳು ಶನಿವಾರ ಬೆಳಿಗ್ಗೆ, ರ‍್ಯಾಕೆಟ್ಟಿನ ಚೀಲವನ್ನು ಕಾರಿನ ಡಿಕ್ಕಿಗೆ ಹಾಕುತ್ತ. “ಹೊತ್ತಿಗೆ ಸರಿಯಾಗಿ ಮುಟ್ಟಿಸೋ ಕೊನೇ ಬಸ್ಸು ಹನ್ನೊಂದೂವರೆಗೆ. ಅದು ಬಿಟ್ಟರೆ ಕಾರೇ ಗತಿ. ಈ ಕಾರು ಅಷ್ಟು ದೂರ ಹೋಗುತ್ತೋ ಇಲ್ವೋ, ಹನ್ನೊಂದು ಗಂಟೆಗೆ ನನಗೆ ಒಂದು ಮಾತು ಹೇಳಿ. ಒಂದೇ ಮಾತು.”

“ಹೋಗಬಹುದು ಅನ್ಸುತ್ತೆ. ಆದರೆ...”

“ಅದು ಎರಡು ಮಾತು.”

ಪ್ರೂಫಣ್ಣ ಕಾರು ಹತ್ತಿ ಗ್ಯಾರೇಜಿಗೆ ಓಡಿದ. ಟಕ್. ಟಕಟಕ.

ಆ ಮೇಸ್ತ್ರಿಯ ಬಗ್ಗೆ ಎರಡು ವಿಷಯ ಎಲ್ಲರಿಗೂ ಗೊತ್ತು. ಕೈಗುಣ ಇದ್ದವನು, ಮತ್ತು ಮಾತಿಗೂ ಮೈಲೇಜು ನೋಡುವವನು. ಹಿಂದೆ ಯಾರೋ ಕಾರು ತಂದು, ಹೊಗೆ ಯಾಕೆ ಬರುತ್ತೆ, ಎಷ್ಟು ದಿನದಿಂದ ಬರುತ್ತೆ, ತಮ್ಮ ಮನೆಯವರು ಏನಂದರು ಅಂತ ಅರ್ಧ ಗಂಟೆ ಹೇಳಿದ್ದಕ್ಕೆ “ಎಣ್ಣೆ” ಅಂದಿದ್ದ. ಎಣ್ಣೆಯೇ ಆಗಿತ್ತು. ಅಂದಿನಿಂದ ಅವನ ಒಂದೊಂದು ಮಾತನ್ನೂ ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಗ್ಯಾರೇಜಿನ ಬಾಗಿಲಲ್ಲಿ ಒಂದು ಕರಿಹಲಗೆ ತೂಗುತ್ತಿತ್ತು. ಮೇಸ್ತ್ರಿಯ ಕೈಬರಹದಲ್ಲಿ ಎರಡು ಸಾಲು. ಪ್ರೂಫಣ್ಣನ ಕಾಲು ತಾನಾಗಿ ನಿಂತಿತು. ‘ದುರಸ್ತಿ’ ಎಂಬಲ್ಲಿ ‘ದುರಸ್ಥಿ’ ಆಗಿತ್ತು. ‘ಇಲ್ಲ’ ಒತ್ತು ಕಳೆದುಕೊಂಡು ‘ಇಲ’ ಆಗಿತ್ತು. ಇದನ್ನು ನೋಡಿಯೂ ಒಳಗೆ ಹೋಗುವುದು ಬಿದ್ದ ಮುದುಕನನ್ನು ದಾಟಿ ಹೋದ ಹಾಗೆ. ಅಲ್ಲೇ ಇದ್ದ ಸೀಮೆಸುಣ್ಣ ತೆಗೆದುಕೊಂಡು ಎರಡನ್ನೂ ಸರಿಮಾಡಿ, ಕೈ ಕೊಡವಿಕೊಂಡು ಒಳಗೆ ಹೋದ.

ಒಂದು ವ್ಯಾನು ಲಿಫ್ಟಿನ ಮೇಲೆ ಆಳೆತ್ತರಕ್ಕೆ ಏರಿ ನಿಂತಿತ್ತು. ಅದರ ಅಡಿಯಲ್ಲಿ ಮೇಸ್ತ್ರಿ ಅವಸರ ಅವಸರವಾಗಿ ಏನನ್ನೋ ಬಿಗಿಯುತ್ತಿದ್ದ. ಪ್ರೂಫಣ್ಣ ಕತೆಯನ್ನು ಶುಕ್ರವಾರ ಸಂಜೆಯಿಂದ ಶುರುಮಾಡಿದ. ಟಕ್ಕಿನ ವರ್ಣನೆ, ಟಕಟಕದ ವರ್ಣನೆ, ಹೆಂಡತಿಯ ಫೈನಲ್, ತೆರಿಗೆ ಕಚೇರಿಯವಳ ಆರು ಕಪ್ಪು.

“ಈಗ ಎತ್ತಿ ನೋಡಿ ಒಂದು ಮಾತು ಹೇಳಿ ಮೇಸ್ತ್ರೀ. ನೂರಾನಲವತ್ತು ಕಿಲೋಮೀಟರು. ಜೊತೆಗೆ ಹೆಂಡತಿ. ಹೋಗುತ್ತಾ?”

ಮೇಸ್ತ್ರಿ ಹೊರಗೆ ಬಂದ. ಗೋಡೆ ಗಡಿಯಾರ ನೋಡಿದ. ಹತ್ತಕ್ಕೆ ಹತ್ತು ನಿಮಿಷ. ಆಮೇಲೆ ತಲೆ ಎತ್ತಿ ಮೇಲೆ ನೋಡಿದ, ಮಾಡಿನ ಆಚೆಗೆ ಯಾರನ್ನೋ ಕೇಳುವವನಂತೆ.

“ಹೋಗುತ್ತೆ,” ಅಂದ. ಮತ್ತೆ ವ್ಯಾನಿನಡಿ ಸೇರಿಕೊಂಡ.

ಪ್ರೂಫಣ್ಣನ ಎದೆ ಹಗುರಾಯಿತು. ಕಾರನ್ನು ಮುಟ್ಟಲೂ ಇಲ್ಲವಲ್ಲ ಅಂತ ಒಂದು ಅನುಮಾನ ಇಣುಕಿತು. ಆದರೆ ಮುಖ ನೋಡಿ ರೋಗ ಹೇಳುವ ವೈದ್ಯರಿರುವಾಗ, ಸದ್ದಿನ ವರ್ಣನೆ ಕೇಳಿ ಕಾರಿನ ಆಯಸ್ಸು ಹೇಳುವ ಮೇಸ್ತ್ರಿ ಯಾಕಿರಬಾರದು? ಸಿಳ್ಳೆ ಹಾಕುತ್ತ ಬೀದಿಗೆ ಬಂದ.

ಬೀದಿಯ ತಲೆಯಲ್ಲೇ ವಿಮೆ ಏಜೆಂಟು ನಿಂತಿದ್ದ. ಯಾರ ಮನೆಯಲ್ಲಿ ಏನು ಕೆಟ್ಟರೂ ಅವನ ಮೂಗಿಗೆ ಮೊದಲು ಬಡಿಯುತ್ತಿತ್ತು.

“ಏನಂದ ಮೇಸ್ತ್ರಿ?”

“ಹೋಗುತ್ತೆ ಅಂದ!”

“ಹೇಗಂದ?”

“ಬಾಯಲ್ಲೇ ಅಂದ.”

“ಅದಲ್ಲ ಸ್ವಾಮಿ. ‘ಹೋಗುತ್ತೆ!’ ಅಂದನಾ, ‘ಹೋಗುತ್ತೆ...’ ಅಂದನಾ?”

ಪ್ರೂಫಣ್ಣನ ಸಿಳ್ಳೆ ನಿಂತಿತು. ಇಪ್ಪತ್ತೆರಡು ವರ್ಷ ವಿರಾಮ ಚಿಹ್ನೆಗಳ ಅನ್ನ ತಿಂದವನು ತಾನು, ಇಷ್ಟು ಮುಖ್ಯವಾದ ವಾಕ್ಯದ ಕೊನೆಯಲ್ಲಿ ಯಾವ ಚಿಹ್ನೆ ಇತ್ತು ಅಂತ ನೋಡಿಯೇ ಇರಲಿಲ್ಲ.

“ಪೂರ್ಣವಿರಾಮ ಇತ್ತು ಅನ್ಸುತ್ತೆ.”

“ಪೂರ್ಣವಿರಾಮಾನಾ!” ಏಜೆಂಟು ಎದೆ ಮುಟ್ಟಿಕೊಂಡ. “ನಮ್ಮ ದೊಡ್ಡಪ್ಪನ್ನ ಆಸ್ಪತ್ರೇಲಿ ಇಟ್ಟಿದ್ದಾಗ ಡಾಕ್ಟ್ರೂ ಹೀಗೇ ಪೂರ್ಣವಿರಾಮ ಇಟ್ಟು ಹೇಳಿದ್ರು. ‘ನಾಳೆಯೊಳಗೆ ಹೋಗುತ್ತೆ’ ಅಂತ. ನಾವು ಜ್ವರ ಹೋಗುತ್ತೆ ಅಂದ್ಕೊಂಡ್ವಿ.”

“ಹೋಗಲಿಲ್ವಾ?”

“ಹೋಯ್ತು. ಜ್ವರಾನೂ ಹೋಯ್ತು.”

ಎದುರು ಮನೆಯ ಜಗಲಿಯಿಂದ ನಿವೃತ್ತ ವ್ಯಾಕರಣ ಮೇಷ್ಟ್ರು ಪತ್ರಿಕೆ ಮಡಚಿ ಎದ್ದರು. ಎಂಟು ವರ್ಷದಿಂದ ಅವರಿಗೆ ವಿದ್ಯಾರ್ಥಿಗಳಿರಲಿಲ್ಲ, ಬೀದಿ ಇತ್ತು.

“ಕರ್ತೃಪದ ಯಾವುದು?” ಅಂದರು ದೂರದಿಂದಲೇ.

“ಮೇಷ್ಟ್ರೇ?”

“ಹೋಗುತ್ತೆ ಅನ್ನೋದು ಕ್ರಿಯಾಪದ. ಹೋಗೋದು ಯಾವುದು? ಕಾರು ಹೋಗುತ್ತೆ. ಬ್ರೇಕು ಹೋಗುತ್ತೆ. ಪ್ರಾಣ ಹೋಗುತ್ತೆ. ಮಾನ ಹೋಗುತ್ತೆ. ನಾಲ್ಕೂ ವ್ಯಾಕರಣಶುದ್ಧ! ಕರ್ತೃ ಇಲ್ಲದ ವಾಕ್ಯ ನಂಬಿಕೊಂಡು ಹೆಂಡತೀನ ಕೂರಿಸ್ಕೊಂಡು ಹೊರಟಿದ್ದೀಯಲ್ಲಯ್ಯ, ನಿನಗೆ ಪಾಠ ಹೇಳಿದ ಮೇಷ್ಟ್ರು ಯಾರು?”

“ಹೇಳುವಾಗ ಮೇಲೆ ನೋಡಿದ,” ಅಂತ ಪ್ರೂಫಣ್ಣ ಬಾಯಿಬಿಟ್ಟ.

“ಮೇಲೆ ನೋಡಿದನಾ?” ಏಜೆಂಟಿನ ದನಿ ಕಿರಿದಾಯಿತು. “ಹಾಗಾದ್ರೆ ಎಲ್ಲಿಗೆ ಹೋಗುತ್ತೆ ಅಂತಾನೂ ಹೇಳಿಬಿಟ್ಟ ಬಿಡಿ.”

ಅಷ್ಟರಲ್ಲಿ ಮೂಲೆ ಕಟ್ಟಡದಿಂದ ಹಲ್ಲಿನ ಡಾಕ್ಟರು, ಮುಖದ ಬಟ್ಟೆ ಗದ್ದಕ್ಕೆ ಇಳಿಸಿಕೊಂಡು ಬಂದರು. ಒಳಗೆ ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದುಕೊಂಡು ಕೂತಿದ್ದ. “ಹಾಗೇ ಇರಿ, ಮುಚ್ಚಬೇಡಿ, ಬಂದೆ” ಅಂತ ಅವನಿಗೆ ಹೇಳಿ ಬಂದಿದ್ದರು. ಕಾರಿನ ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಿದರು.

“ಬಿಸಿ ಇದ್ದಾಗ ಜಾಸ್ತಿನಾ, ತಣ್ಣಗಿದ್ದಾಗ ಜಾಸ್ತಿನಾ?”

“ತಿರುಗಿಸಿದಾಗ ಜಾಸ್ತಿ.”

“ಎಷ್ಟು ಓಡಿದೆ? ಮೂರು ಲಕ್ಷದ ನಲವತ್ತೊಂದು ಸಾವಿರಾನಾ!” ಡಾಕ್ಟರು ಹುಬ್ಬೇರಿಸಿದರು. “ಹಲ್ಲಾಗಿದ್ರೆ ಇಷ್ಟು ಹೊತ್ತಿಗೆ ಕಿತ್ತು ಕೈಗೆ ಕೊಡ್ತಿದ್ದೆ. ನೋಡಿ, ಮಾತಾಡಿ ಪ್ರಯೋಜನ ಇಲ್ಲ. ಓಡಿಸಿ ನೋಡೋಣ. ಮುಖ್ಯವಾಗಿ ಬ್ರೇಕು. ಜೋರಾಗಿ ಹೋಗಿ ಒಮ್ಮೆಲೇ ಒತ್ತಬೇಕು. ನಿಂತರೆ ಬದುಕು, ನಿಲ್ಲದಿದ್ರೆ...”

“ನಿಲ್ಲದಿದ್ರೆ ಅಂತಾನೇ ನಾನಿರೋದು,” ಅಂದ ಏಜೆಂಟು, ಆಗಲೇ ಹಿಂದಿನ ಸೀಟಿನಲ್ಲಿ ಕೂತು.

ಕಾರು ಹೊರಡುವ ಸದ್ದಿಗೆ ಹೆಂಡತಿ ಕಿಟಕಿಗೆ ಬಂದಳು. ಹತ್ತೂ ಮುಕ್ಕಾಲು ಆಗಿತ್ತು.

“ರೀ! ಎಲ್ಲಿಗೆ? ಬಸ್ಸಿನ ಹೊತ್ತಾಯ್ತು!”

“ಐದೇ ನಿಮಿಷ ಕಣೇ! ಬ್ರೇಕ್ ನೋಡ್ಕೊಂಡು ಬಂದುಬಿಡ್ತೀವಿ!”

“ಡಿಕ್ಕೀಲಿ ನನ್ನ...” ಅಂತ ಆಕೆ ಕೂಗಿದಳು. ಉಳಿದದ್ದು ಟಕಟಕದಲ್ಲಿ ಮುಳುಗಿತು.

ಹಿಂದೆ ಮೇಷ್ಟ್ರು ಮತ್ತು ಏಜೆಂಟು, ಮುಂದೆ ಡಾಕ್ಟರು. ಸದ್ದು ಎಡ ಚಕ್ರದ್ದು ಅಂದರು ಒಬ್ಬರು. ಬಲದ್ದು ಅಂದರು ಇನ್ನೊಬ್ಬರು. ಏಜೆಂಟಿಗೆ ಅದು ತನ್ನ ಆಸನದ ಅಡಿಯಿಂದಲೇ ಕೇಳುತ್ತಿತ್ತು, ಹಾಗಾಗಿ ಅವನು ಉದ್ದಕ್ಕೂ ಅರ್ಧ ಎದ್ದೇ ಕೂತಿದ್ದ. ಎತ್ತು ಏರಿಗೆ, ಕೋಣ ನೀರಿಗೆ, ಕಾರು ಮಾತ್ರ ಯಾರ ಮಾತೂ ಕೇಳದೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಬಂತು.

“ಹೂಂ, ಒತ್ತಿ ವೇಗ!” ಅಂದರು ಡಾಕ್ಟರು. “ಐವತ್ತು... ಅರವತ್ತು... ಅರವತ್ತೈದು...”

“ನಿಧಾನ ಕಣಯ್ಯ, ನಿಧಾ...” ಅಂದರು ಮೇಷ್ಟ್ರು.

“ಈಗ! ಬ್ರೇಕ್!”

ಪ್ರೂಫಣ್ಣ ಎರಡೂ ಕಾಲಿನಿಂದ ಒತ್ತಿದ. ಕಾರು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತುಬಿಟ್ಟಿತು. ಹತ್ತೊಂಬತ್ತು ವರ್ಷದ ಮುದಿ ಕಾರು ಅಷ್ಟು ಚೆನ್ನಾಗಿ ನಿಲ್ಲುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಕಾರು ನಿಂತರೂ ಒಳಗಿನವರು ನಿಲ್ಲಲಿಲ್ಲ. ಡಾಕ್ಟರ ಹಣೆ ಗಾಜಿಗೆ ಮುತ್ತಿಕ್ಕಿತು, ಏಜೆಂಟು ಮುಂದಿನ ಸೀಟನ್ನು ತಬ್ಬಿದ, ಮತ್ತು ‘ನಿಧಾನ’ದ ಕೊನೆಯ ಅಕ್ಷರಕ್ಕೆ ಬಾಯಿ ತೆರೆದಿದ್ದ ಮೇಷ್ಟ್ರ ಕೆಳಗಿನ ಹಲ್ಲಿನ ಸೆಟ್ಟು ಹಕ್ಕಿಯ ಹಾಗೆ ಹಾರಿಹೋಯಿತು.

“ಹನ್ನ ಹಲ್ಲು!” ಅಂದರು ಮೇಷ್ಟ್ರು. “ಹನ್ನ ಹಲ್ಲೆಲ್ಲಿ?”

ನಲವತ್ತು ವರ್ಷ ಮಕ್ಕಳಿಗೆ ದಂತ್ಯಾಕ್ಷರ ಯಾವುವು ಅಂತ ಕಲಿಸಿದವರ ಬಾಯಲ್ಲಿ ಈಗ ದಂತ್ಯಾಕ್ಷರಗಳೇ ತಡವರಿಸುತ್ತಿದ್ದವು.

“ಹೋದ ವರ್ಷ ತಾನೇ ಕೂರಿಸಿದ್ದು!” ಡಾಕ್ಟರು ಹಣೆ ಉಜ್ಜಿಕೊಳ್ಳುತ್ತ ಹೇಳಿದರು. “ಸೆಟ್ಟಿನದೇನೂ ತಪ್ಪಿಲ್ಲ, ಇದು ಬ್ರೇಕಿನ ತಪ್ಪು.”

“ಹಲ್ಲಿಗೆ ಪ್ರತ್ಯೇಕ ಪಾಲಿಸಿ ಮಾಡಿಸಿ ಅಂತ ಮೂರು ಸಲ ಹೇಳಿದ್ದೆ,” ಅಂದ ಏಜೆಂಟು. “ಯಾರು ಕೇಳ್ತಾರೆ?”

ನಾಲ್ವರೂ ಬಾಗಿಲುಗಳನ್ನು ಒದ್ದು, ಬೇಡಿಕೊಂಡು ತೆರೆದು, ಇಳಿದು ಹುಡುಕಿದರು. ಡಾಕ್ಟರು ಮುಂದಿನ ಸೀಟಿನಡಿಗೆ ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ದವಡೆ ಹಲ್ಲು ಕೀಳುವ ಗಾಂಭೀರ್ಯದಿಂದ ತಡಕಿದರು.

“ಸಿಕ್ಕಿತು! ನುಣ್ಣಗಿದೆ! ಬರ್ತಾ ಇದೆ, ಬರ್ತಾ ಇದೆ... ಬಂತು!”

ಅಂಗೈಯಲ್ಲಿ ಒಂದು ಬಿಳಿ ಟೇಬಲ್ ಟೆನಿಸ್ ಚೆಂಡು ಕೂತಿತ್ತು.

ಸೀಟಿನಡಿ ಜಾಕ್ ಇಡುವ ತಗಡಿನ ಪೆಟ್ಟಿಗೆ ಇತ್ತು. ಡಾಕ್ಟರು ಚೆಂಡನ್ನು ಅದರೊಳಗೆ ಬಿಟ್ಟರು. ಟಕ್. ಏಜೆಂಟು ಕಾರನ್ನು ಅಲ್ಲಾಡಿಸಿದ. ಟಕಟಕ.

“ಚೆಂಡು!” ಪ್ರೂಫಣ್ಣ ಕಿರುಚಿದ. “ಗುರುವಾರ ಅಭ್ಯಾಸಕ್ಕೆ ಹೋಗಿದ್ದಾಗ ಬಿದ್ದ ಚೆಂಡು! ಚಕ್ರ ಅಲ್ಲ, ಇಂಜಿನ್ ಅಲ್ಲ, ಚೆಂಡು!”

ಅವನು ನಡುರಸ್ತೆಯಲ್ಲಿ ಕುಣಿದ. ಡಾಕ್ಟರನ್ನು ತಬ್ಬಿಕೊಂಡ. ಏಜೆಂಟನ್ನೂ ತಬ್ಬಿಕೊಂಡ. ಕಾರಿನ ಬಾನೆಟ್ಟಿಗೆ ಮುತ್ತಿಟ್ಟು ತುಟಿ ಸುಟ್ಟುಕೊಂಡ. ಬ್ರೇಕು ಸರಿ, ಸದ್ದು ಚೆಂಡು. ಇನ್ನೇನು ಬೇಕು! ಮೇಷ್ಟ್ರೊಬ್ಬರೇ ಸಂಭ್ರಮದಲ್ಲಿ ಪಾಲ್ಗೊಳ್ಳದೆ “ಹಲ್ಲು, ಹಲ್ಲು” ಅನ್ನುತ್ತಿದ್ದರು.

“ಕಿಟಕಿಯಿಂದ ಆಚೆ ಹೋಗಿರಬೇಕು ಮೇಷ್ಟ್ರೇ. ಕಾರು ಸ್ವಲ್ಪ ಹಿಂದಕ್ಕೆ ತಗೊಂಡು ನೋಡೋಣ.”

ಪ್ರೂಫಣ್ಣ ಉತ್ಸಾಹದಿಂದ ಕಾರನ್ನು ಹಿಂದಕ್ಕೆ ತೆಗೆದ.

ಕಟಕ್.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

“ಈ ಸದ್ದು ಕಾರಿನದಲ್ಲ,” ಅಂದ ಏಜೆಂಟು ಮೆಲ್ಲಗೆ.

ಹಲ್ಲಿನ ಚೂರುಗಳನ್ನು ಕರವಸ್ತ್ರದಲ್ಲಿ ಆರಿಸಿಕೊಂಡು ಮನೆ ಮುಟ್ಟುವಾಗ ಹನ್ನೊಂದು ಐವತ್ತು. ಹೆಂಡತಿ ಗೇಟಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ನೀನು ಬಸ್ಸಿಗೆ ಹೋಗಲಿಲ್ವಾ?” ಅಂದ ಪ್ರೂಫಣ್ಣ.

“ರ‍್ಯಾಕೆಟ್ ಎಲ್ಲಿದೆ?”

ಪ್ರೂಫಣ್ಣ ಡಿಕ್ಕಿ ನೋಡಿದ. “ಬಸ್ಸು?”

“ಹೋಯ್ತು.” ಕರ್ತೃಪದ ಸಮೇತ ಸ್ಪಷ್ಟವಾಗಿದ್ದ ವಾಕ್ಯ ಅಲ್ಲಿಯವರೆಗೆ ಇದೊಂದೇ.

ಅವನು ಚೆಂಡು ತೋರಿಸಿದ. ಆಕೆ ಅದನ್ನು ತೆಗೆದುಕೊಂಡು, ಒಮ್ಮೆ ನೆಲಕ್ಕೆ ಪುಟಿಸಿ, ಅವನ ಹಣೆಗೆ ಗುರಿಯಿಟ್ಟು, ಮನಸ್ಸು ಬದಲಿಸಿ ಜೇಬಿಗೆ ಹಾಕಿಕೊಂಡಳು. “ಸದ್ದು ಹೋಯ್ತು ತಾನೇ? ಮತ್ತೆ ಯಾಕೆ ತಡ? ಹತ್ತಿ.”

“ಆದರೆ ಮೇಸ್ತ್ರಿ ಚೆಂಡು ನೋಡಿರಲಿಲ್ವಲ್ಲ,” ಏಜೆಂಟು ಬಿಡಲಿಲ್ಲ. “ಅಂದ್ಮೇಲೆ ಅವನು ಹೋಗುತ್ತೆ ಅಂದದ್ದು ಬೇರೆ ಇನ್ನೇನನ್ನೋ. ಅವನಿಗೆ ಮತ್ತೇನೋ ಕಂಡಿದೆ.”

“ಕರ್ಹೃಪಹ!” ಅಂದರು ಮೇಷ್ಟ್ರು ಉದ್ವೇಗದಿಂದ. ಅದು ಕರ್ತೃಪದ ಅಂತ ಯಾರಿಗೂ ತಿಳಿಯಲಿಲ್ಲ.

ಪ್ರೂಫಣ್ಣ ಮೇಸ್ತ್ರಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಒಟ್ಟು ಹನ್ನೊಂದು ಸಲ ಮಾಡಿದ. ಮೇಸ್ತ್ರಿಯ ಫೋನೂ ಮೇಸ್ತ್ರಿಯಷ್ಟೇ ಮಿತಭಾಷಿ.

“ರೀ,” ಅಂದಳು ಹೆಂಡತಿ, ಕಾರಿನೊಳಗಿಂದ. “ಆ ಮನುಷ್ಯ ಕೈಗುಣ ಇರೋನು ತಾನೇ? ಹೋಗುತ್ತಾ ಅಂತ ನೀವು ಕೇಳಿದ್ರಿ, ಹೋಗುತ್ತೆ ಅಂತ ಅವನು ಹೇಳಿದ. ಇದಕ್ಕೆ ಮೂರು ಜನ ಪಂಡಿತರು ಬೇಕಾ? ಹನ್ನೆರಡೂ ಇಪ್ಪತ್ತಾಯ್ತು. ಹತ್ತುತ್ತೀರೋ, ನಾನೇ ತಳ್ಕೊಂಡು ಹೋಗಲೋ?”

ಪ್ರೂಫಣ್ಣ ಹತ್ತಿದ. ಬೀದಿಯವರು, ಕಡಲಯಾನಕ್ಕೆ ಹೊರಟವರನ್ನು ಬೀಳ್ಕೊಡುವಂತೆ ಕೈಬೀಸಿದರು. ಏಜೆಂಟು ಸ್ವಲ್ಪ ಹೆಚ್ಚೇ ಹೊತ್ತು ಬೀಸಿದ.

ಕಾರು ಓಡಿತು. ಸದ್ದಿಲ್ಲ, ಹೊಗೆಯಿಲ್ಲ, ಒಂದು ಕೆಮ್ಮೂ ಇಲ್ಲ. ಪ್ರೂಫಣ್ಣ ಮಾತ್ರ ಗಂಟೆಗೆ ನಲವತ್ತರ ಮೇಲೆ ಮುಳ್ಳು ಏರಲು ಬಿಡಲಿಲ್ಲ. ಗ್ಯಾಸ್ ಸಿಲಿಂಡರು ಹೇರಿದ ಒಂದು ಮೂರು ಚಕ್ರದ ಗಾಡಿ ಅವರನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರು ತಿರುಗಿ ನೋಡಿ ಅನುಕಂಪದಿಂದ ತಲೆಯಾಡಿಸಿದ. ಹೆಂಡತಿ ಕೂತಲ್ಲೇ ಬಲಗೈ ಬೀಸಿ ಬೀಸಿ ಅಭ್ಯಾಸ ಮಾಡುತ್ತಿದ್ದಳು. ಮೂರು ಸಲ ಅವನ ಕಿವಿಗೆ ಬಿತ್ತು. ಅವನಿಗೆ ನೋವಾಗಲಿಲ್ಲ. ತೊಂಬತ್ತು ಕಿಲೋಮೀಟರು, ನೂರು, ನೂರಾಹತ್ತು. ಎದೆಯೊಳಗೆ ಏನೋ ಉಬ್ಬಿ ಬಂತು.

“ನೋಡಿದೆಯಾ! ಹೋಗುತ್ತಾ ಇದೆ! ಮುದಿಯಾದ್ರೂ ಹುಲಿ ಹುಲೀನೇ!”

“ಇನ್ನು ಮೂವತ್ತೇ ಕಿಲೋಮೀಟರು!” ಹೆಂಡತಿ ಸೀಟಿನಲ್ಲಿ ಪುಟಿದಳು. “ನಾಲ್ಕಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಅಲ್ಲಿರ್ತೀವಿ. ಇವತ್ತು ಅವಳ ಎಡಗೈ ಮೂಲೆಗೆ ಹೊಡೀತೀನಿ, ಎಡಗೈ ಮೂಲೆಗೆ!”

ಆಗ ಫೋನು ಬಡಿಯಿತು. ಮೂರು ಗಂಟೆ ಐದು ನಿಮಿಷ. ಹೆಂಡತಿ ಸ್ಪೀಕರು ಹಾಕಿದಳು.

“ಹನ್ನೊಂದು ಸಲ ಮಾಡಿದ್ರಿ,” ಅಂದ ಮೇಸ್ತ್ರಿ. ಅವನ ಪಾಲಿಗೆ ಅದು ಭಾಷಣ.

“ಮೇಸ್ತ್ರೀ! ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ನೀವಂದ ಹಾಗೇ ಹೋಗುತ್ತಾ ಇದೆ!”

“ಏನು?”

“ಕಾರು!”

“ಕಾರು ನಾನು ನೋಡಿಲ್ಲ.”

“ಬೆಳಿಗ್ಗೆ ಹೋಗುತ್ತೆ ಅಂದ್ರಲ್ಲ!”

“ಕರೆಂಟು,” ಅಂದ ಮೇಸ್ತ್ರಿ. “ಹತ್ತಕ್ಕೆ ಹೋಗುತ್ತೆ, ಮೂರಕ್ಕೆ ಬರುತ್ತೆ. ಕರೆಂಟಿಲ್ಲದೆ ಲಿಫ್ಟು ಏಳಲ್ಲ, ಇಳಿಯಲ್ಲ. ಫೋನೂ ಸತ್ತಿತ್ತು, ಈಗ ಬಂತು. ಎಲ್ಲ ಬಾಗಿಲ ಹಲಗೆ ಮೇಲೆ ಬರೆದಿದ್ದೆ. ‘ಲೈನು ದುರಸ್ತಿ, ಹತ್ತರಿಂದ ಮೂರು ಕರೆಂಟು ಇಲ್ಲ’ ಅಂತ. ನೀವೇ ನಿಂತು ತಿದ್ದಿದ್ರಿ.”

ಪ್ರೂಫಣ್ಣ ಎರಡೂ ಕಾಲಿನಿಂದ ಬ್ರೇಕು ಒತ್ತಿದ. ಕಾರು ಮತ್ತೊಮ್ಮೆ ಬಲು ಚೆನ್ನಾಗಿ ನಿಂತಿತು.

“ಯಾಕೆ ನಿಲ್ಲಿಸಿದ್ರಿ?”

“ಯಾರೂ ನೋಡಿಲ್ಲ ಕಣೇ.” ಅವನ ಮುಖ ಕರಡು ಕಾಗದದಂತೆ ಬಿಳಿಚಿತ್ತು. “ಈ ಕಾರನ್ನ ಯಾರೂ ನೋಡೇ ಇಲ್ಲ. ಮೂರು ಲಕ್ಷದ ನಲವತ್ತೊಂದು ಸಾವಿರ!”

“ನೂರಾಹತ್ತು ಕಿಲೋಮೀಟರು ಬಂತಲ್ಲ ರೀ!”

“ಅದು ಮೇಸ್ತ್ರಿ ಮಾತಿನ ಮೇಲೆ ಬಂದದ್ದು.”

“ಕಾರು ಪೆಟ್ರೋಲಿನ ಮೇಲೆ ಓಡುತ್ತೆ ರೀ, ಮಾತಿನ ಮೇಲಲ್ಲ!”

ಆಕೆ ಬೈದಳು, ಕೈಮುಗಿದಳು, ರ‍್ಯಾಕೆಟ್ಟು ತೆಗೆದು ಹೆದರಿಸಿದಳು. ಪ್ರೂಫಣ್ಣ ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತ. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಅವನಿಗೆ ಓಡಿಸುವ ಧೈರ್ಯ ಬರುತ್ತಿರಲಿಲ್ಲ. ಮೂರೂ ಇಪ್ಪತ್ತೈದಕ್ಕೆ ಆಕೆ ಚೀಲ ಹೆಗಲಿಗೆ ಹಾಕಿ ಇಳಿದು ರಸ್ತೆ ಮಧ್ಯೆ ನಿಂತಳು. ಮೂರೂ ಮುಕ್ಕಾಲಿಗೆ ಒಂದು ಹಾಸಿಗೆ ಸಾಗಿಸುವ ವ್ಯಾನು ನಿಂತಿತು. ಆಕೆ ಹಾಸಿಗೆಗಳ ರಾಶಿಯ ಮೇಲೆ ಹತ್ತಿ, ರ‍್ಯಾಕೆಟ್ಟು ಎದೆಗವಚಿಕೊಂಡು, ಗಂಡನ ಕಡೆ ಒಮ್ಮೆಯೂ ತಿರುಗದೆ ಹೋದಳು.

ನಾಲ್ಕೂವರೆಗೆ ಆಕೆಯ ಫೋನು ಬಂತು. ತಡವಾದವರಿಗೆ ಹದಿನೈದು ನಿಮಿಷ ಕಾಯುತ್ತಾರಂತೆ. ಕಾದರಂತೆ. ತೆರಿಗೆ ಕಚೇರಿಯವಳು ಒಂದು ಚೆಂಡನ್ನೂ ಹೊಡೆಯದೆ ಏಳನೇ ಕಪ್ಪು ತೆಗೆದುಕೊಂಡಳಂತೆ. “ನಾನು ಬಸ್ಸಲ್ಲಿ ಬರ್ತೀನಿ. ನೀವು ನನಗಿಂತ ಮೊದಲೇ ಮನೆ ಸೇರಿದ್ರೆ ಒಳ್ಳೇದಲ್ಲ,” ಅಂದಳು.

ಪ್ರೂಫಣ್ಣ ಎಳೆದೊಯ್ಯುವ ಲಾರಿ ತರಿಸಿದ. ಅದು ಟಕ್ ಟಕ್ ಅನ್ನುತ್ತ ಬಂತು. ಮೀಟರು ಆರು ಲಕ್ಷದ ಎಂಬತ್ತು ಸಾವಿರ.

“ಇದು... ಹೋಗುತ್ತೇನಪ್ಪಾ?” ಅಂದ ಹತ್ತಿ ಕೂತು.

“ಗೊತ್ತಿಲ್ಲ ಸಾರ್,” ಅಂದ ಲಾರಿಯವನು ಗೇರು ಹಾಕುತ್ತ. “ಇಲ್ಲೀವರೆಗೆ ಹೋಗಿದೆ.”

ಏಳು ಗಂಟೆಗೆ ಗ್ಯಾರೇಜು. ಬಾಗಿಲ ಹಲಗೆಗೆ ‘ಏಳೂವರೆಗೆ ಮತ್ತೆ ಕರೆಂಟು ಇಲ್ಲ’ ಅಂತ ಹೊಸ ಸಾಲು ಸೇರಿತ್ತು, ಅದರಲ್ಲಿ ಅಕ್ಷರ ತಪ್ಪಿರಲಿಲ್ಲವಾದ್ದರಿಂದ ಪ್ರೂಫಣ್ಣನಿಗೆ ಕಾಣಲಿಲ್ಲ. ಮೇಸ್ತ್ರಿ ಮಾತಿಲ್ಲದೆ ಕಾರನ್ನು ಲಿಫ್ಟಿಗೆ ಹತ್ತಿಸಿ ಆಳೆತ್ತರಕ್ಕೆ ಎತ್ತಿದ. ಟಾರ್ಚು ಹಿಡಿದು ಅಡಿಯೆಲ್ಲ ನೋಡಿದ. ಚಕ್ರ ತಿರುಗಿಸಿದ, ಅಲ್ಲಾಡಿಸಿದ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟ. ಇಪ್ಪತ್ತು ನಿಮಿಷವಾದ ಮೇಲೆ ಹೊರಗೆ ಬಂದು ಕೈ ಒರೆಸಿಕೊಂಡ.

ಪ್ರೂಫಣ್ಣ ಕೈಮುಗಿದ. “ಮೇಸ್ತ್ರೀ, ನಿಮ್ಮ ದಮ್ಮಯ್ಯ. ಈ ಸಲ ಪೂರ್ತಿ ವಾಕ್ಯ ಹೇಳಿ. ಕರ್ತೃಪದ ಸಮೇತ.”

ಮೇಸ್ತ್ರಿ ದೊಡ್ಡ ಉಸಿರೆಳೆದುಕೊಂಡ. “ನಿಮ್ಮ ಕಾರು ಇನ್ನೂ ಒಂದು ಲಕ್ಷ ಕಿಲೋಮೀಟರು ಕಣ್ಣುಮುಚ್ಚಿ ಹೋಗುತ್ತೆ.”

ಪ್ರೂಫಣ್ಣನ ಕಣ್ಣು ತುಂಬಿ ಬಂತು. ಓಡಿಹೋಗಿ ಮೇಸ್ತ್ರಿಯ ಎರಡೂ ಕೈಗಳನ್ನು ಬಾಚಿ ಹಿಡಿದುಕೊಂಡ. “ಇದೇ ಮಾತು! ಇದೇ ಮಾತು ಬೆಳಿಗ್ಗೆ ಹೇಳಿದ್ರೆ!”

ಮೇಸ್ತ್ರಿ ಗಡಿಯಾರ ನೋಡಿದ. ತಲೆ ಎತ್ತಿ ಮೇಲೆ ನೋಡಿದ. ಲಿಫ್ಟಿನ ಗುಂಡಿಯ ಕಡೆಗೆ ಹೋಗಲು ಕೈ ಎಳೆದುಕೊಂಡ.

“ಹೋಗುತ್ತೆ,” ಅಂದ. “ಕೈ ಬಿಡಿ, ಹೋಗುತ್ತೆ!”

“ಹೌದು, ಹೋಗುತ್ತೆ!” ಪ್ರೂಫಣ್ಣ ಇನ್ನೂ ಬಿಗಿಯಾಗಿ ಹಿಡಿದುಕೊಂಡು ಕುಲುಕಿದ. “ಅನುಮಾನವೇ ಇಲ್ಲ, ಹೋಗುತ್ತೆ!”

ದೀಪ ಆರಿತು. ಕಾರು ಮೇಲೆಯೇ ಉಳಿಯಿತು.

ಪ್ರೂಫಣ್ಣ ನಡೆದುಕೊಂಡು ಮನೆಗೆ ಹೋದ. ಆ ದಿನ ಹೋದದ್ದು ಇಷ್ಟು: ಒಂದು ಬಸ್ಸು, ಒಂದು ಫೈನಲ್, ಮೇಷ್ಟ್ರ ಕೆಳಸಾಲಿನ ಹದಿನಾಲ್ಕು ಹಲ್ಲು, ಹಲ್ಲಿನ ಡಾಕ್ಟರ ಕುರ್ಚಿಯಿಂದ ಬಾಯಿ ತೆರೆದುಕೊಂಡೇ ಎದ್ದುಹೋದ ಒಬ್ಬ ರೋಗಿ, ಎರಡು ಸಲ ಕರೆಂಟು. ಕಾರು ಮಾತ್ರ ಹೋಗಲಿಲ್ಲ.